ಓಡುವ ಹಳೇ ಕಾರಿಗೂ ಒಂದು ಕಾಲಂ ಇರಲಿ

ಐವತ್ತು ವರ್ಷ ತುಂಬಿದ ಕಾರಿಗೆ ನಮ್ಮ ಸರ್ಕಾರ ಮರ್ಯಾದೆ ಕೊಡುತ್ತದೆ, ದಿನಾ ಓಡಿಸಬಾರದು ಎಂಬ ಷರತ್ತಿನ ಮೇಲೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಅದು ‘ವಿಂಟೇಜ್’. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಎರಡಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲಿಕ್ಕೆ ರಸ್ತೆಗಿಳಿಸಬಹುದು. ತರಕಾರಿ ತರಲು ಯಶವಂತಪುರ ಮಾರ್ಕೆಟ್ಟಿಗೆ ಹೋಗುವ ಹಾಗಿಲ್ಲ. ಜತೆಗೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ನಿಗೆ ಯಾರೂ ದೊಡ್ಡದಾಗಿ ಕೈಹಾಕಿರಬಾರದು.

ಮತ್ತಿಕೆರೆಯಲ್ಲಿ ನಮ್ಮ ಮನೆಯ ಪೋರ್ಟಿಕೊದಲ್ಲಿ ನಿಂತಿರುವುದು 1983ರ ಪ್ರೀಮಿಯರ್ ಪದ್ಮಿನಿ, ನಮ್ಮ ಮಾವನವರು ಕೊಂಡದ್ದು. 2033ರವರೆಗೆ ಅದು ವಿಂಟೇಜ್ ಆಗುವುದಿಲ್ಲ, ಬರೀ ಹಳೇ ಗಾಡಿ. 2033ಕ್ಕೂ ಆಗಲಾರದು, ಏಕೆಂದರೆ ನಾನು ಅದರ ನೆಲ ಕತ್ತರಿಸಿ ಹೊಸದು ಹಾಕಿಸಿದ್ದೇನೆ.

ಯಾಕೆ ಕತ್ತರಿಸಬೇಕಾಯಿತು ಎಂಬುದು ಈ ಕಾರಿನ ಅಂಗರಚನೆ ಗೊತ್ತಿದ್ದವರಿಗೆ ಗೊತ್ತು. ಪದ್ಮಿನಿಯ ಮೂಲ ಇಟಲಿಯ ಫಿಯಟ್ 1100. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ 1089 ಸಿಸಿಯ ಈ ಕಾರು ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದು, 2000ದ ಹೊತ್ತಿಗೆ ನಿಂತಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಇದಕ್ಕೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಗಾಜಿನ ರಬ್ಬರ್ ಬೀಡಿಂಗು ಒಣಗಿ ಬಿರುಕು ಬಿಟ್ಟರೆ ಮಳೆನೀರು ಒಳಗಿಳಿದು ಮ್ಯಾಟಿನ ಕೆಳಗೆ ಕೂರುತ್ತದೆ. ವರ್ಷಗಟ್ಟಲೆ ಕೂತರೆ ತಗಡು ಬಿಸ್ಕತ್ತಿನಂತೆ ಮುರಿಯುತ್ತದೆ. ಹಳೇ ಕಾರು ನೋಡಲು ಬಂದವರೆಲ್ಲ ಬಾನೆಟ್ ಎತ್ತುತ್ತಾರೆ. ಮೊದಲು ಎತ್ತಬೇಕಾದದ್ದು ಮ್ಯಾಟು. ನಮ್ಮದರಲ್ಲಿ ಡ್ರೈವರ್ ಕಾಲಿಡುವ ಜಾಗದಲ್ಲಿ ನೆಲದ ಸಿಮೆಂಟು ಕಾಣುತ್ತಿತ್ತು. ಹಿಂದೆ ಯಾರೋ ಟಿಂಕರಿಂಗ್ ಮಾಡಿದವರು ಅದರ ಮೇಲೆ ತಗಡಿನ ತುಂಡಿಟ್ಟು ಪುಟ್ಟಿ ಮೆತ್ತಿ ಕಪ್ಪು ಬಣ್ಣ ಬಳಿದಿದ್ದರು. ‘ಮೂಲ ರೂಪ’ ಉಳಿಸಬೇಕೆಂದು ನಾನು ಆ ತೂತನ್ನು ಕಾಪಾಡಬೇಕಿತ್ತೇ?

ಗ್ರೈಂಡರಿನಲ್ಲಿ ತುಕ್ಕು ಹಿಡಿದ ಭಾಗವನ್ನೆಲ್ಲ ಒಳ್ಳೇ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ಶೀಟು ಬಗ್ಗಿಸಿ, ಅಲ್ಲಲ್ಲಿ ಟಾಕಾ ಹಾಕಿ, ಬಾಗಿಲು ಸರಿಯಾಗಿ ಕೂರುತ್ತದೆಯೇ ಎಂದು ಪ್ರತಿಸಲ ಹಾಕಿ ತೆಗೆದು ನೋಡಿ, ಆಮೇಲೆ ಪೂರಾ ವೆಲ್ಡಿಂಗ್. ಬಾಗಿಲು ಹಾಕಿ ನೋಡುವುದು ಶಾಸ್ತ್ರಕ್ಕಲ್ಲ. ಬಾಡಿಯೇ ಚಾಸಿಯಾದ ಕಾರಿನಲ್ಲಿ ನೆಲ ತೆಗೆದ ಹೊತ್ತಿಗೆ ಗಾಡಿ ನಡುವೆ ಕುಸಿಯುತ್ತದೆ. ಹಾಗೇ ವೆಲ್ಡ್ ಮಾಡಿದರೆ ಬಾಗಿಲು ಎಂದೆಂದಿಗೂ ಒದ್ದು ಹಾಕಬೇಕು.

ಇದನ್ನೆಲ್ಲ ಮನೆಯಲ್ಲೇ ಮಾಡಲು ಉತ್ತರ ಬೆಂಗಳೂರಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ನನ್ನ ಅಭಿಮಾನ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್, ಆಮೇಲೆ ಪೀಣ್ಯ, ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ. ಮೂರು ತಲೆಮಾರು ಇಲ್ಲಿ ಮೈಕ್ರೊಮೀಟರ್ ಹಿಡಿದು ಬದುಕಿದೆ. ಕಾರ್ಖಾನೆಯಿಂದ ರಿಟೈರ್ ಆದವರ ಕೈ ರಿಟೈರ್ ಆಗಿಲ್ಲ. ಬಿಡಿಭಾಗಕ್ಕೆ ಜೆ.ಸಿ. ರಸ್ತೆಗೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಗೆ ಹೋಗುತ್ತೇನೆ. ಎಲ್ಲೂ ಸಿಗದಿದ್ದರೆ ನಮ್ಮ ಬೀದಿಯ ಕೊನೆಯಲ್ಲಿರುವ ಟರ್ನರ್ ಇದ್ದಾರೆ. ನಮ್ಮ ಮನೆಯ ಮಕ್ಕಳಿಗೆ ಅವರು ‘ಎಚ್‌ಎಂಟಿ ತಾತ’.

ಈಗ ಬ್ರೇಕಿನ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅದಕ್ಕೆ. ನಮ್ಮ ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬೂಸ್ಟರ್ ಇಲ್ಲ. ಹೆಬ್ಬಾಳ ಫ್ಲೈಓವರಿನಿಂದ ಸಂಜೆ ಇಳಿಯುವಾಗ ಹತ್ತಡಿಗೊಮ್ಮೆ ತುಳಿದು ತುಳಿದು ಡ್ರಮ್ಮು ಕಾದರೆ ಹಿಡಿತ ಸಡಿಲವಾಗುತ್ತದೆ. ಪೆಡಲ್ ಒತ್ತಿದರೂ ಗಾಡಿ ಯೋಚನೆ ಮಾಡಿ ನಿಲ್ಲುತ್ತದೆ. ಮುಂದೆ ಹೋಗುವ ಆಪ್ ಕಾರಿಗೆ ಎಬಿಎಸ್ ಇರುತ್ತದೆ, ಅದು ಯೋಚನೆ ಮಾಡುವುದಿಲ್ಲ. ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿಸುವುದೇ ಪರಿಹಾರ. ಮಾರುತಿಯ ಡಿಸ್ಕು, ಕ್ಯಾಲಿಪರ್ ಸುಲಭವಾಗಿ ಸಿಗುತ್ತವೆ. ಸಿಗದ್ದು ಕ್ಯಾಲಿಪರನ್ನು ಫಿಯಟ್ಟಿನ ಸ್ಟಬ್ಬಿಗೆ ಕೂರಿಸುವ ಬ್ರಾಕೆಟ್ಟು.

ತಾತ ಅದನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಚಕ್ರದ ಒಳಗೆ ಹಿಡಿದು ನೋಡಿದರು. ನಾನು ಎರಡು ತುಂಡು ಸೇರಿಸಿ ವೆಲ್ಡ್ ಮಾಡಿದರೆ ಸಾಲದೇ ಎಂದೆ. “ಬ್ರೇಕಿಗೆ ವೆಲ್ಡಿಂಗ್ ಬೇಡಮ್ಮ, ಒಂದೇ ಪ್ಲೇಟಲ್ಲಿ ತೆಗೀತೀನಿ,” ಎಂದವರು ದಪ್ಪ ಉಕ್ಕಿನ ಪ್ಲೇಟಿನಿಂದ ಎರಡನ್ನೂ ತೆಗೆದು, ತಲೆಯ ಮೇಲೆ 8.8 ಎಂದು ಅಚ್ಚಿರುವ ಬೋಲ್ಟನ್ನೇ ತರಬೇಕೆಂದು ಕಳಿಸಿದರು. ಬ್ರಾಕೆಟ್ ಎರಡೂ ಎಣ್ಣೆ ಸವರಿಸಿಕೊಂಡು ಪೇಪರಿನಲ್ಲಿ ಸುತ್ತಿ ಶೆಲ್ಫಿನ ಮೇಲಿವೆ. ಕಾರಿಗೆ ಹಾಕಿಲ್ಲ.

ಏಕೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ, ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಹೇಳಿತು. ಆರ್‌ಸಿಯಲ್ಲಿ ಬಣ್ಣಕ್ಕೆ ಕಾಲಂ ಇದೆ, ಇಂಧನಕ್ಕಿದೆ, ಸೀಟಿಗಿದೆ, ಬ್ರೇಕಿಗಿಲ್ಲ. ಹಾಗಾಗಿ ಡಿಸ್ಕ್ ಹಾಕುವುದು ತಪ್ಪೋ ಸರಿಯೋ ಎಂಬುದು ನೋಡುವ ಇನ್ಸ್‌ಪೆಕ್ಟರ ಮನಸ್ಸಿಗೆ ಬಿಟ್ಟದ್ದು. ನಾಳೆ ಅಪಘಾತವಾದರೆ ಇನ್ಶೂರೆನ್ಸಿನವರ ಮನಸ್ಸಿಗೂ. ತಮಾಷೆಯೆಂದರೆ, ಇಡೀ ಇಂಜಿನ್ನನ್ನೇ ಕಿತ್ತು ಅನುಮೋದಿತ ಎಲೆಕ್ಟ್ರಿಕ್ ಕಿಟ್ ಹಾಕಿಸಿ ಆರ್‌ಸಿ ತಿದ್ದಿಸಲು ಇದೇ ಕಾನೂನಿನಲ್ಲಿ ದಾರಿ ಇದೆ. ಓಡುವುದನ್ನು ಬದಲಾಯಿಸಬಹುದು, ನಿಲ್ಲುವುದನ್ನು ಮಾತ್ರ ಮುಟ್ಟಬಾರದು.

ಕೋರ್ಟಿನ ಆತಂಕ ನನಗೆ ಅರ್ಥವಾಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಬಳ್ಳಾರಿ ರಸ್ತೆಯ ಪಕ್ಕ ಮನೆಯಿರುವ ಯಾರನ್ನಾದರೂ ಕೇಳಿ: ಸೈಲೆನ್ಸರ್ ಕೊಯ್ದು ಪಟಾಕಿ ಹೊಡೆಸಿಕೊಂಡು ಏರ್‌ಪೋರ್ಟ್ ಕಡೆ ಹಾರುವ ಹುಡುಗರು ಮಾಡಿಫಿಕೇಷನ್ ಎಂಬ ಕೆಲಸಕ್ಕೇ ಕೆಟ್ಟ ಹೆಸರು ತಂದಿದ್ದಾರೆ. ಅವರನ್ನು ಹಿಡಿಯಲಿ, ದಂಡ ಹಾಕಲಿ. ಆದರೆ ಕಿವಿ ಒಡೆಯುವವನಿಗೂ ಬ್ರೇಕು ಬಲಪಡಿಸುವವಳಿಗೂ ಒಂದೇ ಸೆಕ್ಷನ್ ಎಂದರೆ ಹೇಗೆ?

ಮೂಲ ರೂಪದ ಮಾತಾಡುವವರಿಗೆ ಇನ್ನೊಂದು ನೆನಪು ಮಾಡಬೇಕು. ನನ್ನ ಗಾಡಿ ಬದಲಾಗಬಾರದು ಎನ್ನುವ ಸರ್ಕಾರ ಅದು ಕುಡಿಯುವ ಪೆಟ್ರೋಲನ್ನು ಬದಲಿಸಿದೆ. 2000ದಲ್ಲಿ ಸೀಸ ಹೋಯಿತು, ಒಳ್ಳೆಯದೇ ಆಯಿತು. ಈಗ ಬಂಕಿನಲ್ಲಿ ಬರುವುದು ಶೇಕಡ 20ರಷ್ಟು ಎಥೆನಾಲ್ ಬೆರೆತ ಇ20. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಿಂತ ಗಾಡಿಯ ತಗಡಿನ ಟ್ಯಾಂಕಿಗೆ ಒಳಗಿಂದ ತುಕ್ಕು ಹಿಡಿಸುತ್ತದೆ, ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಕಾರ್ಬೊರೇಟರಿನ ವಾಷರು ಎಲ್ಲವನ್ನೂ ಬದಲಾಯಿಸಲೇಬೇಕಾಯಿತು. ಬಿಸಿ ಇಂಜಿನ್ನಿನ ಪಕ್ಕ ತೊಟ್ಟಿಕ್ಕುವ ಪೈಪು ಮೂಲ ರೂಪದ್ದೆಂದು ಇಟ್ಟುಕೊಳ್ಳಲಾಗುವುದಿಲ್ಲ.

ಜರ್ಮನಿಯಲ್ಲಿ ಮೂವತ್ತು ವರ್ಷ ದಾಟಿದ, ಸುಸ್ಥಿತಿಯಲ್ಲಿರುವ ಕಾರಿಗೆ ‘ಎಚ್’ ಅಕ್ಷರದ ಪ್ಲೇಟು ಕೊಡುತ್ತಾರೆ, ಅದನ್ನು ಹಾಕಿಕೊಂಡು ದಿನಾ ಓಡಾಡಬಹುದು. ಬ್ರೇಕೋ ಚಕ್ರವೋ ಬದಲಾಯಿಸಿದವರು ಗಾಡಿಯನ್ನು ತಾಂತ್ರಿಕ ತಪಾಸಕರ ಮುಂದೆ ನಿಲ್ಲಿಸುತ್ತಾರೆ. ಅವರು ಒಪ್ಪಿದರೆ ದಾಖಲೆಯಲ್ಲಿ ಸೇರುತ್ತದೆ, ಒಪ್ಪದಿದ್ದರೆ ಬಿಚ್ಚಬೇಕು. ನಮ್ಮಲ್ಲೂ ಇಷ್ಟೇ ಸಾಕು: ಹಳೇ ಗಾಡಿಗೆ ಡಿಸ್ಕ್ ಬ್ರೇಕು, ಸೀಟ್ ಬೆಲ್ಟು, ಹಜಾರ್ಡ್ ದೀಪದಂಥ ಸುರಕ್ಷತೆಯ ಬದಲಾವಣೆಗಳಿಗೆ ಪ್ರತ್ಯೇಕ ಅನುಮತಿ, ತಪಾಸಣೆ, ಆರ್‌ಸಿಯಲ್ಲಿ ಒಂದು ಸಾಲು.

ಇದಕ್ಕೆ ದುಡ್ಡೆಲ್ಲಿಂದ ಎಂದು ಕೇಳುವಂತಿಲ್ಲ. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 5,000ದಿಂದ 10,000 ರೂಪಾಯಿಗೆ ಏರಿಸಿದ್ದಾರೆ. ನಮ್ಮದು 2028ರಲ್ಲಿ ಮತ್ತೆ ನವೀಕರಣಕ್ಕೆ ಹೋಗಬೇಕು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಹಾರನ್ ಒತ್ತಿಸಿ, ದೀಪ ಹಾಕಿಸಿ ಕಳಿಸುವುದಕ್ಕೆ ಹತ್ತು ಸಾವಿರ ಜಾಸ್ತಿಯಾಯಿತು. ಕೊಡುತ್ತೇನೆ, ಆದರೆ ಗಾಡಿಯನ್ನು ಜಾಕಿ ಮೇಲೆತ್ತಿ ಮುಂದಿನ ಚಕ್ರ ಬಿಚ್ಚಿಸಿ ನೋಡಲಿ. ವೀಲ್ ಸ್ಪ್ಯಾನರು ನಾನೇ ತರುತ್ತೇನೆ.