ತೊಗಲು ಹಲವು, ಕೈ ಒಂದು

ಆಯ್ಕೆಯೆಂದರೆ ಪಡೆಯುವ ಕೆಲಸವೆಂದು ಲೋಕ ತಿಳಿದಿದೆ. ಜವಳಿ ಅಂಗಡಿಯಲ್ಲಿ ಹತ್ತು ಸೀರೆಗಳನ್ನು ಹರಡಿಸಿ ಒಂದನ್ನು ಕಟ್ಟಿಸಿಕೊಂಡು ಬಂದ ಗೃಹಿಣಿಯನ್ನು ಕೇಳಿದರೆ ನಿಜ ಹೊರಬೀಳುತ್ತದೆ: ಮನೆ ಸೇರಿದ ಮೇಲೆ ಆಕೆಯ ಕಣ್ಣಮುಂದೆ ಸುಳಿಯುವುದು ತಂದ ಸೀರೆಯಲ್ಲ, ಬಿಟ್ಟುಬಂದ ಒಂಬತ್ತು. ಒಂದನ್ನು ಆರಿಸುವುದೆಂದರೆ ಉಳಿದವನ್ನು ಬಿಡುವ ಧೈರ್ಯ ಮಾಡುವುದು. ಈ ಪೇಚು ಸೀರೆಯಲ್ಲಿ, ಸಂಬಂಧದಲ್ಲಿ, ವಿದ್ಯೆಯಲ್ಲಿ ಇರುವಂತೆ ಆಟದಲ್ಲಿಯೂ ಉಂಟು.

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನ ತಾವರಗೇರಾದಲ್ಲಿ, ದಸರೆಯ ರಜೆಯ ಒಂದು ಮಧ್ಯಾಹ್ನ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಿಂದ ಊರಿಗೆ ಬಂದ ಮೊಮ್ಮಗಳು ಪಡಸಾಲೆಯಲ್ಲಿ ಕಾಗದವೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದಾಳೆ. ಬರೆಯುತ್ತಾಳೆ, ಅಳಿಸುತ್ತಾಳೆ, ಪೆನ್ಸಿಲನ್ನು ಕಚ್ಚುತ್ತಾಳೆ. ಅಜ್ಜ ನಿವೃತ್ತ ಶಾಲಾ ಮಾಸ್ತರರು. ಪ್ರಾಯದಲ್ಲಿ ದೊಡ್ಡಾಟದಲ್ಲಿ ವೇಷ ಕಟ್ಟಿದವರು.

“ಯಾಕವ್ವಾ, ಉಣ್ಣಾಕ ಕರದ್ರೂ ಬರವಲ್ಲಿ. ಪರೀಕ್ಷಾದ ಲೆಕ್ಕೇನು ಅದು?”

“ಪರೀಕ್ಷಾದ್ದಲ್ಲ ಅಜ್ಜಾ, ಆಟದ್ದು. ಆದ್ರ ಪರೀಕ್ಷಾಕ್ಕಿಂತ ಕಠಿಣ ಐತಿ.”

ಆಟವೆಂಬ ಮಾತು ಕಿವಿಗೆ ಬಿದ್ದುದೇ ತಡ, ಒಳಗಿನಿಂದ ತಾಯಿಯ ಧ್ವನಿ ಬಂದಿತು. ಅಷ್ಟು ರೊಕ್ಕ ಕಟ್ಟಿ ಕಾಲೇಜಿಗೆ ಕಳಿಸಿದ್ದು ದಾಳ ಉರುಳಿಸಲಿಕ್ಕೇನು, ಧರ್ಮರಾಯನ ಕಥೆ ಕೇಳಿಲ್ಲವೇನು ಎಂಬುದು ಅವರ ಆಕ್ಷೇಪಣೆ. ಈ ಆಟದಲ್ಲಿ ಪಣವಿಲ್ಲ, ಒಬ್ಬರು ಇನ್ನೊಬ್ಬರನ್ನು ಸೋಲಿಸುವುದೂ ಇಲ್ಲ ಎಂದು ಮಗಳು ಸಮಾಧಾನ ಹೇಳಿದಳು. ಪಣವಿಲ್ಲ, ಸೋಲು-ಗೆಲವಿಲ್ಲ, ಆದರೂ ಹುಡುಗಿ ಊಟ ಬಿಟ್ಟು ಕುಳಿತಿದ್ದಾಳೆ! ಅಜ್ಜನಿಗೆ ಕುತೂಹಲ ಹುಟ್ಟಿದ್ದು ಇಲ್ಲಿಯೇ. ಅವರು ಕಂಬಕ್ಕೊರಗಿ ಕುಳಿತು, ಮೊದಲಿನಿಂದ ಹೇಳೆಂದರು.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ಪ್ರಕಟಿಸಿದರು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಮಿಕ್ಕವರು ತಮಗೊಂದೊಂದು ಪಾತ್ರವನ್ನು ಕಟ್ಟಿಕೊಂಡು ಅದರ ಬಾಯಿಂದ ಮಾತನಾಡುತ್ತಾರೆ. ಮಾಡಹೊರಟ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಅಜ್ಜನಿಗೆ ಇದು ಹೊಸದೆನಿಸಲಿಲ್ಲ. ದೊಡ್ಡಾಟದ ಸಾರಥಿಯೂ ರಂಗಕ್ಕೆ ಬಂದ ಪಾತ್ರವನ್ನು ‘ತಾವು ಯಾರು?’ ಎಂದು ಕೇಳಿಯೇ ಕಥೆಯನ್ನು ಮುಂದಕ್ಕೆ ನಡೆಸುತ್ತಾನೆ. ವ್ಯತ್ಯಾಸವಿಷ್ಟೆ: ಅಲ್ಲಿ ಕಥೆಯ ಕೊನೆ ಊರಿಗೆಲ್ಲ ಗೊತ್ತು, ಇಲ್ಲಿ ಸಾರಥಿಗೂ ಪೂರ್ತಿಯಾಗಿ ಗೊತ್ತಿಲ್ಲ.

ಮೊಮ್ಮಗಳ ಪಾತ್ರ ಡ್ರೂಯಿಡ್. ಡ್ರೂಯಿಡರು ಯುರೋಪಿನ ಕೆಲ್ಟ್ ಜನರ ಪುರೋಹಿತರು. ಜೂಲಿಯಸ್ ಸೀಸರನು ಗಾಲ್ ದೇಶದ ಯುದ್ಧಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇವರ ಪ್ರಸ್ತಾಪ ಬರುತ್ತದೆ. ಇವರು ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲವಂತೆ. ಅಸಂಖ್ಯ ಪದ್ಯಗಳನ್ನು ಕಂಠಪಾಠ ಮಾಡುತ್ತ ಕೆಲವರು 20 ವರ್ಷ ಗುರುವಿನ ಬಳಿ ಕಳೆಯುತ್ತಿದ್ದರಂತೆ. ಆಟದವರು ಈ ಹೆಸರನ್ನು ಎರವು ಪಡೆದು, 1976ರ ಒಂದು ಪುರವಣಿ ಪುಸ್ತಕದಲ್ಲಿ ಡ್ರೂಯಿಡನನ್ನು ಆಟಗಾರರ ಕೈಗೆ ಕೊಟ್ಟರು. ಬಳ್ಳಿ, ಗಾಳಿ, ಮಳೆಗಳನ್ನು ಮಂತ್ರದಿಂದ ಕರೆಯುವುದು ಇವನ ಒಂದು ವಿದ್ಯೆ. ಪ್ರಾಣಿಯ ರೂಪ ತಾಳುವುದು ಇನ್ನೊಂದು. ರೂಪ ಬದಲಿಸುವವನ ಕಥೆಯನ್ನು ಈ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಜನಾದ್ರಿ ಇದೇ ಜಿಲ್ಲೆಯಲ್ಲಿದೆ. ಸಮುದ್ರದ ಮೇಲೆ ಬೆಟ್ಟದಂತೆ ಬೆಳೆದ ಹನುಮಂತನೇ ಲಂಕೆಯನ್ನು ಹೊಗುವಾಗ ಬೆಕ್ಕಿನಷ್ಟಾದನೆಂಬುದು ಮಕ್ಕಳಿಗೂ ಗೊತ್ತಿದೆ.

ಪಾತ್ರವು ಅನುಭವ ಗಳಿಸಿದಂತೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಮೊಮ್ಮಗಳ ಗುಂಪು ಆಡುವುದು 2014ರ ಪುಸ್ತಕದಂತೆ. ಅದರಲ್ಲಿ ಡ್ರೂಯಿಡನಿಗೆ 4, 8, 12, 16 ಮತ್ತು 19ನೆಯ ಮೆಟ್ಟಿಲಿನಲ್ಲಿ, ಅಂದರೆ ಇಡೀ ಬಾಳಿನಲ್ಲಿ ಐದೇ ಸಾರಿ, ಒಂದು ಅವಕಾಶ ಬರುತ್ತದೆ. ವಿವೇಕ, ದೇಹದಾರ್ಢ್ಯ ಮೊದಲಾದ ಗುಣಗಳ ಅಂಕಗಳನ್ನು ಹೆಚ್ಚಿಸಿಕೊಳ್ಳಬಹುದು. ಇಲ್ಲವೇ ಅದನ್ನು ಬಿಟ್ಟು, ಕಥೆ ನಡೆಸುವವರು ಒಪ್ಪಿದರೆ, ‘ಫೀಟ್’ ಎಂಬ ವಿಶೇಷ ಸಿದ್ಧಿಯೊಂದನ್ನು ಪಡೆಯಬಹುದು. ಹುಡುಗಿಯ ಡ್ರೂಯಿಡಳು ಈಗ 4ನೆಯ ಮೆಟ್ಟಿಲೇರಿದ್ದಾಳೆ. ಇದು ಮೊದಲನೆಯ ಆಯ್ಕೆ.

“ಅದಕ್ಕ ಇಷ್ಟು ಚಿಂತಿ ಯಾಕ? ಛಲೋದು ಯಾವುದು ನೋಡಿ ತಗೋ,” ಎಂದರು ಅಜ್ಜ.

ಹುಡುಗಿ ತುಸು ಹೊತ್ತು ಸುಮ್ಮನಿದ್ದು, ನಡೆದುದನ್ನು ಹೇಳಿದಳು. ಎರಡು ವಾರದ ಹಿಂದೆ ಕಥೆಯ ಕಾಡಿನಲ್ಲಿ ದರೋಡೆಕೋರರು ಅಡ್ಡಗಟ್ಟಿದರು. ಅವಳ ಡ್ರೂಯಿಡಳು ‘ಎಂಟ್ಯಾಂಗಲ್’ ಎಂಬ ಮಂತ್ರದಿಂದ ನೆಲದ ಬಳ್ಳಿಗಳನ್ನೆಬ್ಬಿಸಿ ಅವರನ್ನು ಬಂಧಿಸಿದಳು. ಇಂತಹ ಮಂತ್ರವನ್ನು ಹೇಳಿದರೆ ಸಾಲದು, ಏಕಾಗ್ರತೆಯಿಂದ ಹಿಡಿದಿಟ್ಟುಕೊಂಡಿರಬೇಕು. ಪೆಟ್ಟು ಬಿದ್ದಾಗಲೆಲ್ಲ ದಾಳ ಹಾಕಿ, ದೇಹದಾರ್ಢ್ಯದ ಅಂಕ ಸೇರಿಸಿ, ಕನಿಷ್ಠ 10 ಮುಟ್ಟಬೇಕು. ಪೆಟ್ಟು ದೊಡ್ಡದಾದರೆ ಅದರ ಅರ್ಧವನ್ನು ಮುಟ್ಟಬೇಕು. ಬಾಣವೊಂದು ತಗುಲಿತು. ದಾಳದಲ್ಲಿ 7 ಬಿತ್ತು. ಅವಳ 2 ಸೇರಿ 9. ಒಂದೇ ಒಂದು ಕಡಿಮೆ! ಬಳ್ಳಿಗಳು ಬಾಡಿ ಬಿದ್ದವು. ಬಿಡಿಸಿಕೊಂಡ ದರೋಡೆಕೋರರು ಹತ್ತಿರದಲ್ಲಿದ್ದ ಹಾಡುಗಾರ್ತಿಯ ಮೇಲೆ ಬಿದ್ದರು. ಆ ಪಾತ್ರ ಮಡಿಯಿತು. ಅದನ್ನು ಒಂದು ವರ್ಷದಿಂದ ಕಟ್ಟಿಕೊಂಡು ಬಂದಿದ್ದವಳು ಹಾಸ್ಟೆಲಿನಲ್ಲಿ ಇವಳ ಕೋಣೆಯ ಗೆಳತಿ. ಅಂದಿನಿಂದ ಗೆಳತಿ ಆಟಕ್ಕೆ ಬಂದಿಲ್ಲ. ಕೋಣೆಯಲ್ಲಿ ಮಾತು ‘ಹೂಂ’, ‘ಊಹೂಂ’ಗಳಿಗೆ ಇಳಿದಿದೆ. ರಜೆಗೆ ಹೊರಡುವಾಗ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಹೊರಟಿದ್ದರು.

ಪಣವಿಲ್ಲದ ಆಟದಲ್ಲಿ ಹೂಡಿದ ಪಣವೇನೆಂಬುದು ಅಜ್ಜನಿಗೆ ಈಗ ತಿಳಿಯಿತು. ಅವರು ಕನ್ನಡಕವನ್ನು ತರಿಸಿಕೊಂಡರು.

ಕಾಗದದ ಮೇಲೆ ನಾಲ್ಕು ಹೆಸರುಗಳಿದ್ದವು. ಮೊದಲನೆಯದು ಸಿದ್ಧಿಯಲ್ಲ, ವಿವೇಕದ ಅಂಕವನ್ನು 16ರಿಂದ 18ಕ್ಕೆ ಏರಿಸುವುದು. ಮಂತ್ರದ ಬಿಗಿ ಒಂದಂಶ ಹೆಚ್ಚುತ್ತದೆ. ಎರಡನೆಯದು ‘ಟಫ್’, ಮೆಟ್ಟಿಲೊಂದಕ್ಕೆ ಎರಡರಂತೆ ಪ್ರಾಣಬಲ ಕೂಡುತ್ತದೆ. ಮೂರನೆಯದು ‘ರೆಸಿಲಿಯೆಂಟ್’; ದೇಹದಾರ್ಢ್ಯದ ಅಂಕ 15ರಿಂದ 16ಕ್ಕೆ ಏರಿ, ಪೆಟ್ಟು ತಾಳುವುದರಲ್ಲಿ ಪಳಗಿದವಳೆಂಬ ಅಧಿಕಾಂಶವೂ ಸಿಕ್ಕುತ್ತದೆ. ನಾಲ್ಕನೆಯದು ‘ವಾರ್ ಕ್ಯಾಸ್ಟರ್’. ಏಕಾಗ್ರತೆಯ ಪರೀಕ್ಷೆ ಬಂದಾಗ ದಾಳವನ್ನು ಎರಡು ಸಾರಿ ಹಾಕಿ ಮೇಲಿನದನ್ನು ಇಟ್ಟುಕೊಳ್ಳಬಹುದು.

ಗೆಳೆಯರಲ್ಲಿ ಹಲವರು ‘ಟಫ್’ ತೆಗೆದುಕೋ ಎಂದಿದ್ದರು. ಹೆಚ್ಚು ಪ್ರಾಣ ಯಾರಿಗೆ ಬೇಡ? ಆದರೆ ಅಜ್ಜ ಒಂದು ಪ್ರಶ್ನೆ ಕೇಳಿದರು: ಅವಳು ತೋಳನಾದಾಗ ಈ ಪ್ರಾಣ ಯಾರದು? 2014ರ ನಿಯಮದಂತೆ ತೋಳನ ಪ್ರಾಣ ತೋಳನದೇ. ಅದು ತೀರಿದಾಗ ಡ್ರೂಯಿಡಳು ತನ್ನ ರೂಪಕ್ಕೆ ಮರಳುತ್ತಾಳೆ. ಕೂಡಿಟ್ಟ ಹೆಚ್ಚಿನ ಪ್ರಾಣ ಅಲ್ಲಿಯವರೆಗೆ ಬೀರುವಿನಲ್ಲಿಟ್ಟ ಶಾಲಿನಂತೆ.

ಅಜ್ಜ ನೆನೆದದ್ದು ತೊಗಲುಗೊಂಬೆಯ ಆಟವನ್ನು. ಈ ಕಲೆಗೆ ಕೊಪ್ಪಳದ ಸೀಮೆ ಹೆಸರಾದುದು. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಪರದೆಯ ಮೇಲೆ ಹನುಮಂತ ಒಮ್ಮೆ ಚಿಕ್ಕವನಾಗಿ, ಒಮ್ಮೆ ದೊಡ್ಡವನಾಗಿ ಕಾಣುತ್ತಾನೆ. ಆಡಿಸುವವರು ಒಂದು ಗೊಂಬೆಯನ್ನಿಳಿಸಿ ಇನ್ನೊಂದನ್ನೆತ್ತಿರುತ್ತಾರೆ. ತೊಗಲು ಬೇರೆ, ಬಣ್ಣ ಬೇರೆ, ಅಳತೆ ಬೇರೆ; ಹಿಂದಿನ ಕೈ ಮಾತ್ರ ಅದೇ.

“ತೊಗಲಿಗೆ ಅಂಟೂದು ಬ್ಯಾಡವ್ವಾ,” ಎಂದರು ಅಜ್ಜ. “ಕೈಯಾಗ ಉಳಿಯೂದು ಯಾವುದೈತಿ, ಅದನ್ನ ನೋಡು.”

ರೂಪ ಬದಲಿಸುವವರ ಆಯ್ಕೆಗೆ ಇದಕ್ಕಿಂತ ನೆಟ್ಟಗಿನ ಸೂತ್ರ ದೊರೆಯದು. ಒಂದೊಂದು ಸಿದ್ಧಿಯನ್ನೂ ಕೇಳಬೇಕು: ನೀನು ತೊಗಲಿಗೆ ಸೇರಿದವನೋ, ಕೈಗೋ? ಕವಚ ತೊಡುವ ಸಿದ್ಧಿಗಳು ತೊಗಲಿನವು. ತೋಳನಿಗೆ ಕವಚವಿಲ್ಲ, ಡ್ರೂಯಿಡರು ಲೋಹದ ಕವಚವನ್ನು ಮೊದಲೇ ತೊಡರು. ‘ಅಲರ್ಟ್’ ಎಂಬ ಎಚ್ಚರ, ‘ಅಬ್ಸರ್ವಂಟ್’ ಎಂಬ ಸೂಕ್ಷ್ಮದೃಷ್ಟಿ ಕೈಯವು. ಬೆಕ್ಕಾದರೂ ಹದ್ದಾದರೂ ಜೊತೆಗೆ ಬರುತ್ತವೆ. ಏಕಾಗ್ರತೆಯೂ ಕೈಯದೇ. ಬಳ್ಳಿಯನ್ನೆಬ್ಬಿಸಿದ ಮೇಲೆ ತೋಳನಾದರೂ ಹಿಡಿದ ಮಂತ್ರ ಬಿಟ್ಟುಹೋಗುವುದಿಲ್ಲ. ಕಾಲ ಬದಲಾದರೆ ಈ ವಿಂಗಡಣೆಯೂ ಬದಲಾದೀತು: 2024ರ ಹೊಸ ಪುಸ್ತಕದಲ್ಲಿ ಡ್ರೂಯಿಡನ ಪ್ರಾಣಬಲವೇ ಪ್ರಾಣಿರೂಪದಲ್ಲಿಯೂ ಮುಂದುವರಿಯುತ್ತದೆ, ಆದುದರಿಂದ ಅಲ್ಲಿ ‘ಟಫ್’ ಕೈಗೆ ಸೇರಿತು. ಸೂತ್ರ ಅದೇ, ಉತ್ತರ ಬೇರೆ.

ಈ ಸಿದ್ಧಿಗಳೆಂಬ ಏರ್ಪಾಡು ಆಟದೊಳಕ್ಕೆ ಬಂದುದು 2000ದ ಮೂರನೆಯ ಆವೃತ್ತಿಯಿಂದ. ಅದನ್ನು 2003ರಲ್ಲಿ ಪರಿಷ್ಕರಿಸಿದಾಗ ಡ್ರೂಯಿಡರಿಗೆ ‘ನ್ಯಾಚುರಲ್ ಸ್ಪೆಲ್’ ಎಂಬ ಸಿದ್ಧಿ ಮುಖ್ಯ ಪುಸ್ತಕದಲ್ಲಿಯೇ ದೊರೆಯಿತು. ಪ್ರಾಣಿರೂಪದಲ್ಲಿದ್ದುಕೊಂಡೇ ಮಂತ್ರ ಹೇಳುವ ಬಲ ಅದು; 6ನೆಯ ಮೆಟ್ಟಿಲಿಗೆ ಬಂದ ಡ್ರೂಯಿಡರು ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳುತ್ತಿದ್ದರು. ಎಲ್ಲರೂ ಒಂದನ್ನೇ ಆರಿಸುವಲ್ಲಿ ಆಯ್ಕೆಯೆಂಬುದು ಇದೆಯೆನ್ನಬಹುದೆ? 2014ರ ಪುಸ್ತಕ ಆ ಬಲವನ್ನು ಸಿದ್ಧಿಗಳ ಪಟ್ಟಿಯಿಂದ ತೆಗೆದು 18ನೆಯ ಮೆಟ್ಟಿಲಿನಷ್ಟು ಎತ್ತರದಲ್ಲಿಟ್ಟಿತು. ಆಯ್ಕೆ ಮತ್ತೆ ಕಷ್ಟವಾಯಿತು. ಕಷ್ಟವಾದುದರಿಂದಲೇ ಅದಕ್ಕೆ ಅರ್ಥ ಬಂದಿತು.

ಉಳಿದವು ಎರಡು. ಅಜ್ಜನೂ ಮೊಮ್ಮಗಳೂ ಲೆಕ್ಕಕ್ಕೆ ಕುಳಿತರು. ಈಗಿರುವಂತೆ, ಚಿಕ್ಕ ಪೆಟ್ಟು ಬಿದ್ದರೆ ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕು. ಇಪ್ಪತ್ತರಲ್ಲಿ 13 ಮುಖಗಳು, ನೂರಕ್ಕೆ 65. ‘ರೆಸಿಲಿಯೆಂಟ್’ ಇದ್ದರೆ 5 ಬಿದ್ದರೂ ಸಾಕು, ನೂರಕ್ಕೆ 80. ‘ವಾರ್ ಕ್ಯಾಸ್ಟರ್’ ಇದ್ದರೆ ಎರಡು ದಾಳಗಳೂ ಕೆಡಬೇಕಾಗುವುದರಿಂದ ಸುಮಾರು 88. ತೋಳನ ದೇಹದಾರ್ಢ್ಯ ಇವಳದಕ್ಕಿಂತ ಕಡಿಮೆ. ಆ ರೂಪದಲ್ಲಿ ಮೊದಲನೆಯದರಿಂದ 70, ಎರಡನೆಯದರಿಂದ 84. ಇಂದಿನ ಮಟ್ಟಿಗೆ ಎರಡನೆಯದೇ ಮೇಲು. ಆದರೆ ‘ರೆಸಿಲಿಯೆಂಟ್’ ಮೆಟ್ಟಿಲೇರಿದಂತೆ ಬೆಳೆಯುವ ಸಿದ್ಧಿ. 9ನೆಯ ಮೆಟ್ಟಿಲಿನಲ್ಲಿ ಅದು 90ಕ್ಕೆ ಮುಟ್ಟುತ್ತದೆ. 17ನೆಯದರಲ್ಲಿ ಚಿಕ್ಕ ಪೆಟ್ಟಿಗೆ ಸೋಲುವ ಮಾತೇ ಇಲ್ಲ. ಇನ್ನೊಂದು 88ರಲ್ಲಿಯೇ ನಿಲ್ಲುತ್ತದೆ. ಇಂದಿನ ನೆರವು ಒಂದು, ಮುಂದಿನ ನೆಲೆ ಇನ್ನೊಂದು. ಸಂಸಾರಸ್ಥರಿಗೆ ಈ ತೂಗಾಟದ ಪರಿಚಯವಿಲ್ಲದೆ ಇಲ್ಲ: ಮಗಳ ಓದಿಗೆ ಈ ವರ್ಷ ಹಣ ಕಟ್ಟುವುದೋ, ಸೋರುವ ಮಾಳಿಗೆಯನ್ನು ರಿಪೇರಿ ಮಾಡಿಸುವುದೋ?

“ಅಂದ ಮ್ಯಾಲ ವಾರ್ ಕ್ಯಾಸ್ಟರೇ ತಗೋತೀನಿ,” ಎಂದು ಹುಡುಗಿ ಪೆನ್ಸಿಲು ಎತ್ತಿದಳು.

ಅಜ್ಜ ಅವಳ ಕೈ ತಡೆದರು. “ಬಾಣ ಬಿದ್ದಾಗ ನೀ ಎಲ್ಲಿ ನಿಂತಿದ್ದಿ?”

ಬಯಲಿನಲ್ಲಿ. ಮರದ ಮರೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಮಂತ್ರ ಹೇಳಿದ ಮೇಲೆ ಸರಿದು ನಿಲ್ಲಬಹುದಿತ್ತು. ಬಳ್ಳಿಗಳ ಸೊಬಗನ್ನು ನೋಡುತ್ತ ನಿಂತುಬಿಟ್ಟಳು. ಎರಡು ವಾರದಿಂದ ಅವಳು ದಾಳವನ್ನು ಹಳಿಯುತ್ತಿದ್ದಳು, ಇಲ್ಲವೇ ತನ್ನಲ್ಲಿಲ್ಲದ ಸಿದ್ಧಿಯನ್ನು ಹಂಬಲಿಸುತ್ತಿದ್ದಳು. ನಿಂತ ಜಾಗದ ಮಾತು ಅವಳಿಗೆ ಹೊಳೆದಿರಲಿಲ್ಲ. ಅಥವಾ ಹೊಳೆದೂ ಹೇಳಿಕೊಂಡಿರಲಿಲ್ಲ.

ಅಜ್ಜ ಗದರಲಿಲ್ಲ. ಗೊಂಬೆಯಾಟ ಒಬ್ಬರದಲ್ಲ ಎಂದಷ್ಟೇ ಹೇಳಿದರು. ಪರದೆಯ ಹಿಂದೆ ಗೊಂಬೆ ಹಿಡಿದವರಲ್ಲದೆ ಹಾಡುವವರು, ಬಾರಿಸುವವರು ಇರುತ್ತಾರೆ. ಯಾವ ಗೊಂಬೆ ಎತ್ತಬೇಕೆಂಬುದು ಹಾಡುವವರಿಗೆ ತಿಳಿಯದಿದ್ದರೆ ಆಟ ಕೆಟ್ಟಿತೆಂದೇ ಲೆಕ್ಕ. ಇವಳು ಬಳ್ಳಿ ಹಿಡಿದು ನಿಂತದ್ದು ಯಾರಿಗಾಗಿ? ಗೆಳತಿಗಾಗಿ. ಹಾಗಿದ್ದರೆ ಸಿದ್ಧಿಯನ್ನು ಆರಿಸುವ ಮೊದಲು ಗೆಳತಿಯನ್ನು ಕೇಳುವುದು ಬೇಡವೇ?

ಕಾಗದದ ಮೇಲಿನ ಆ ಒಂದು ಮನೆ ವಿಜಯದಶಮಿಯವರೆಗೆ ಖಾಲಿಯೇ ಉಳಿಯಿತು. ಆ ಸಂಜೆ ತಾವರಗೇರಾದಲ್ಲಿ ಹಿರಿಯರು ಕಿರಿಯರು ಮನೆಮನೆಗೆ ಹೋಗಿ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹರಸಿಕೊಳ್ಳುತ್ತಿದ್ದರು. ವರ್ಷದ ಮುನಿಸನ್ನು ಒಂದು ಎಲೆಯಲ್ಲಿ ಮುಗಿಸುವ ದಿನ ಅದು. ಹುಡುಗಿ ಅಜ್ಜನ ಕಾಲಿಗೆರಗಿ ಬನ್ನಿ ಪಡೆದು, ಮಾಳಿಗೆ ಹತ್ತಿ ಫೋನು ಮಾಡಿದಳು. ಮೊದಲು ಮರದ ಮರೆಯ ಮಾತನ್ನು ಒಪ್ಪಿಕೊಂಡಳು. ಆಮೇಲೆ, ನೀನು ಯಾವ ಪಾತ್ರವಾಗಿ ಬರುವೆ, ಅದನ್ನು ನೋಡಿಕೊಂಡು ನಾನು ಆರಿಸುತ್ತೇನೆ ಎಂದಳು. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಬಳಿಕ ನಗು ಕೇಳಿಸಿತು. ಗೆಳತಿ ಹೊಸ ಪಾತ್ರವನ್ನು ಆಗಲೇ ಬರೆದಿಟ್ಟಿದ್ದಳು, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಳು. ಈ ಸಾರಿ ಹಾಡುಗಾರ್ತಿಯಲ್ಲ. ದೊಡ್ಡ ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುವ ಯೋಧೆ.

ಮುಂದೆ ನಿಲ್ಲುವವಳೊಬ್ಬಳಿದ್ದರೆ ಹಿಂದಿನವಳ ಮೇಲೆ ಬೀಳುವ ಬಾಣಗಳು ಕಡಿಮೆ. ಈಗಿನ ಅಭಾವ ತೀರಿತು, ದೂರದ ನೆಲೆಯನ್ನು ನೋಡಬಹುದು. ಹುಡುಗಿ ಕೆಳಗಿಳಿದು ಬಂದು ಖಾಲಿ ಮನೆಯಲ್ಲಿ ‘ರೆಸಿಲಿಯೆಂಟ್’ ಎಂದು ಬರೆದಳು. ಲೆಕ್ಕದಲ್ಲಿ 88 ಅನ್ನು ಬಿಟ್ಟು 80 ಅನ್ನು ಆರಿಸಿದಂತಾಯಿತು. ಅಜ್ಜ ಅದನ್ನು ನೋಡಿದರು, ಏಕೆಂದು ಕೇಳಲಿಲ್ಲ.

ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಅವಳು ಆ ಕಾಗದವನ್ನು ಮಡಿಸಿ, ನಡುವೆ ಒಂದು ಬನ್ನಿ ಎಲೆಯನ್ನಿಟ್ಟಳು. ತಾಯಿ ಅದನ್ನು ಕಂಡು, ಯಾರಿಗೆಂದು ಕೇಳಿದರು. ಆಟದ ಗೆಳತಿಗೆ ಎಂದು ತಿಳಿದಾಗ ಒಳಗೆ ಹೋಗಿ, ಅವಳಿಗೂ ಇರಲಿ ಎಂದು ಕರ್ಚಿಕಾಯಿಯ ಇನ್ನೊಂದು ಡಬ್ಬಿಯನ್ನು ತಂದು ಚೀಲದಲ್ಲಿಟ್ಟರು.