ಗಾಳಿ ನಮ್ಮದು, ಪಾಲು ಯಾರದು?

ನಾಡಿನಲ್ಲಿ ಹುಟ್ಟುವ ವಿದ್ಯುಚ್ಛಕ್ತಿಗೆ ಕಾಯಿದೆಯ ಆಸರೆ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಹೊರರಾಜ್ಯದಿಂದಲೇ ಕಲ್ಲಿದ್ದಲು ಬರಬೇಕು. ಗಾಳಿ, ಬಿಸಿಲು, ಹೊಳೆಯ ನೀರು ನಮ್ಮವು. 2003ರ ವಿದ್ಯುಚ್ಛಕ್ತಿ ಕಾಯಿದೆಯ 86ನೆಯ ಕಲಮು, ಇಂಥ ಮೂಲಗಳಿಂದ ಇಂತಿಷ್ಟು ವಿದ್ಯುತ್ತನ್ನು ಕೊಳ್ಳಲೇಬೇಕೆಂದು ಗೊತ್ತುಪಡಿಸುವ ಹೊಣೆಯನ್ನು ರಾಜ್ಯದ ಆಯೋಗಕ್ಕೆ ವಹಿಸಿದೆ. ಮಳೆ ಕೈಕೊಟ್ಟ 2023ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರವು ಅದೇ ಕಾಯಿದೆಯ 11ನೆಯ ಕಲಮನ್ನು ಹಿಡಿದು, ಇಲ್ಲಿ ತಯಾರಾದ ವಿದ್ಯುತ್ತನ್ನು ಇಲ್ಲಿಗೇ ಕೊಡಬೇಕೆಂದು ಆಜ್ಞೆ ಮಾಡಿತು. ಸರಿಯಾದ ಕೆಲಸವೇ.

ಆದರೆ ‘ಇಲ್ಲಿಯದು’ ಎಂದರೆ ಯಾರದು? 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಗದಗ ಸೀಮೆಯಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಗಾಳಿ ಊರಿನದು, ನೆಲ ಊರಿನದು. ಲಾಭ ಮಾತ್ರ ಕಂಪನಿಯದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟಿನ ಸೌರಸ್ಥಾವರ ಎದ್ದಿತು. ಭೂಮಿಯುಳ್ಳವನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಗೊತ್ತಾಯಿತು. ಆ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಕೂಲಿಕಾರನಿಗೆ? ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟವರೂ ನಾಡಿಗೆ ಬೆಳಕು ಕೊಟ್ಟು, ತಾವು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಕಚೇರಿ ಅಲೆದರು.

ನ್ಯಾಯದ ದಾರಿ ಹೊಸದೇನಲ್ಲ. 2015ರಲ್ಲಿ ಗಣಿ ಕಾಯಿದೆಗೆ ತಿದ್ದುಪಡಿಯಾಯಿತು. ಅಂದಿನಿಂದ ಅದಿರು ತೆಗೆಯುವವನು ರಾಜಧನವಲ್ಲದೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಅದು ಗಣಿಯಿಂದ ನೊಂದ ಊರುಗಳಿಗೆ ಸಲ್ಲಬೇಕು. ಬಳ್ಳಾರಿಯ ಅದಿರಿಗೆ ಇರುವ ನ್ಯಾಯ ಗದಗಿನ ಗಾಳಿಗೆ ಏಕಿಲ್ಲ?

ಅದಿರು ತೀರುತ್ತದೆ, ಗಾಳಿ ತೀರುವುದಿಲ್ಲ, ಪಾಲೇಕೆ ಎಂದು ಬಂಡವಳಗಾರರು ಕೇಳಬಹುದು. ಹರಿಯುವ ನೀರೂ ತೀರುವುದಿಲ್ಲ. ಆದರೂ ಹಿಮಾಚಲ ಪ್ರದೇಶವು ಅನೇಕ ಜಲವಿದ್ಯುತ್ ಯೋಜನೆಗಳಿಂದ ನೂರಕ್ಕೆ 12 ಪಾಲು ವಿದ್ಯುತ್ತನ್ನು ಉಚಿತವಾಗಿ ಪಡೆಯುತ್ತದೆ. ಪಾಲು ಕೇಳಿದರೆ ಕಂಪನಿಗಳು ಓಡಿಹೋಗುತ್ತವೆ ಎಂದು ಹೆದರಿಸುವವರೂ ಉಂಟು. ಕಂಪನಿ ಹೋಗಬಹುದು, ಗುಡ್ಡದ ಗಾಳಿಯನ್ನು ಗಂಟು ಕಟ್ಟಿಕೊಂಡು ಹೋಗಲಾರದು.

ಆದ್ದರಿಂದ ಶಾಸನಸಭೆಯು ಕಾಯಿದೆ ಮಾಡಲಿ. ಮಾರಾಟವಾದ ಪ್ರತಿ ಯೂನಿಟ್ಟಿನ ಮೇಲೆ ಗ್ರಾಮ ಪಂಚಾಯತಿಗೆ ಪಾಲು ಸಲ್ಲಲಿ. ಆ ಪಾಲಿನಲ್ಲಿ ಭೂಮಿಯಿಲ್ಲದವನ ಹಕ್ಕು ಮೊದಲು ಬರೆಯಲ್ಪಡಲಿ. ಹೆಸ್ಕಾಂನ ಏಳು ಜಿಲ್ಲೆಗಳಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಆ ಜಿಲ್ಲೆಗಳ ರೈತನ ಪಂಪಿಗೆ, ಹಗಲು ಹೊತ್ತಿನಲ್ಲಿ, ಹರಿಯಲಿ.

ರೈತ ಕಾರ್ಮಿಕ ಬಾಂಧವರೇ, ಬರುವ ಗ್ರಾಮಸಭೆಯಲ್ಲಿ ಈ ಬಗ್ಗೆ ಠರಾವು ಮಾಡಿರಿ. ಶಾಸಕರು ಊರಿಗೆ ಬಂದಾಗ ಕೈಗೆ ಕೊಟ್ಟು ಉತ್ತರ ಕೇಳಿರಿ. ಕೇಳದವನಿಗೆ ಪಾಲು ಎಂದೂ ಸಿಕ್ಕಿಲ್ಲ.