ಹೊಗೆ ಟೆಸ್ಟ್ ಪಾಸ್, ಆರ್‌ಸಿ ಫೇಲ್: ಹಳೇ ಕಾರಿಗೆ ಬೇರೆ ಎಂಜಿನ್ ಕೂರಿಸೋ ಮುಂಚೆ

ಆಂಡರ್ಸನ್‌ಪೇಟೆ: ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಎಕ್ಸ್‌ಪ್ರೆಸ್‌ವೇ ಓಡಾಟಕ್ಕೆ ಸಿಕ್ಕ ಮೇಲೆ, ಹಳೇ ಕಾರಿಗೆ ದೊಡ್ಡ ಎಂಜಿನ್ ಹಾಕಿಸಿ ‘ಸ್ಪೋರ್ಟ್ಸ್’ ಮಾಡಿಕೊಳ್ಳೋ ಹುಡುಗರ ಆಸೆಗೆ ಇನ್ನೊಂದು ನೆಪ ಸಿಕ್ಕಿದೆ. ಮಾರುತಿ 800ರ 796 ಸಿಸಿ ಎಂಜಿನ್ ಇಳಿಸಿ ಝೆನ್‌ನ 993 ಸಿಸಿ ಎಂಜಿನ್ ಕೂರಿಸೋದು ಮೆಕ್ಯಾನಿಕ್‌ಗಳಿಗೆ ಹೊಸ ವಿದ್ಯೆ ಏನಲ್ಲ. ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ ಗುಜರಿಗಳಲ್ಲಿ ಹುಡುಕಿದರೆ ಎಂಜಿನ್ ಸಿಗುತ್ತೆ. ತೊಂದರೆ ಶುರುವಾಗೋದು ಆಮೇಲೆ.

‘ಹೊಗೆ ಟೆಸ್ಟ್ ಪಾಸ್ ಆಗಿದೆ, ಇನ್ನೇನು?’ ಅನ್ನೋದು ಬಹಳ ಜನರ ಲೆಕ್ಕ. ಈ ಲೆಕ್ಕವೇ ತಪ್ಪು. ಪೆಟ್ರೋಲ್ ಕಾರಿನ ಹೊಗೆ ತಪಾಸಣೆಯಲ್ಲಿ ಸೈಲೆನ್ಸರ್‌ಗೆ ಕೊಳವೆ ತೂರಿಸಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಬಿಎಸ್-2 ಕಾಲದ ಕಾರಾದರೆ ಮಿತಿ ಶೇ 0.5, ಬಿಎಸ್-4 ಆದರೆ ಶೇ 0.3. ಬಾನೆಟ್ ಒಳಗೆ ಯಾವ ಎಂಜಿನ್ ಇದೆ ಅಂತ ಆ ಯಂತ್ರ ಕೇಳೋದಿಲ್ಲ. ಕೇಳೋದು ಆರ್‌ಟಿಒ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿಯವರು ಕೊಟ್ಟ ಮೂಲ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತ ಮಾಡಿತು. ತಪ್ಪಿದರೆ 182ಎ ಕಲಂ ಅಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ದಾರಿಯಲ್ಲಿ ಪೊಲೀಸರು ಬಾನೆಟ್ ಎತ್ತಿಸೋದು ಅಪರೂಪ, ನಿಜ. ಆದರೆ 15 ವರ್ಷ ತುಂಬಿದ ಸ್ವಂತ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಆಗಲೇಬೇಕು. 2006ರ ಮಾರುತಿ 800 ಅಂದರೆ 2021ರಲ್ಲಿ ಒಂದು ಸಲ, 2026ರಲ್ಲಿ ಇನ್ನೊಂದು ಸಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿ ಮಾಡಿದೆ. ಅಷ್ಟು ದುಡ್ಡು ಹೊಂದಿಸಿಕೊಂಡು ಗಾಡಿ ತೋರಿಸೋಕೆ ಹೋದಾಗ ಎಂಜಿನ್ ನಂಬರ್ ಆರ್‌ಸಿಗೆ ಹೊಂದದಿದ್ದರೆ ಕಡತ ಅಲ್ಲೇ ನಿಲ್ಲುತ್ತೆ. ಮಾರೋಕೂ ಆಗಲ್ಲ. ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯೋಕೆ ಅದೊಂದೇ ಸಾಕು.

ಹಾಗಾದರೆ ಯಾವ ಎಂಜಿನ್? ಅದೇ ಮಾದರಿಯ, ಅದೇ ಸಿಸಿಯ, ಅದೇ ಇಂಧನದ ಎಂಜಿನ್. ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳೋದು ಕ್ಷೇಮ. ಬದಲಾಯಿಸಿದ ಮೇಲೆ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಗುಜರಿಯವರು ಬಿಲ್ ಕೊಡಲ್ಲ ಅಂದರೆ ಎಂಜಿನ್ ಎಷ್ಟೇ ಅಗ್ಗಕ್ಕೆ ಬಂದರೂ ಮುಟ್ಟಬೇಡಿ. ಅದು ಕದ್ದ ಗಾಡಿಯದ್ದಲ್ಲ ಅಂತ ತೋರಿಸೋಕೆ ಬೇರೆ ಕಾಗದ ಇರಲ್ಲ.

ಕಾಂಟೆಸ್ಸಾ ಇಟ್ಟುಕೊಂಡವರ ಪಾಡು ಸ್ವಲ್ಪ ಬೇರೆ. ಇಸುಝು 1.8 ಪೆಟ್ರೋಲ್ ಎಂಜಿನ್ನಿನ ಕಾರಿಗೆ ಡೀಸೆಲ್ ಎಂಜಿನ್ ಹಾಕಿಸೋಣ, ಹೇಗೂ ಕಂಪನಿಯೇ ಡೀಸೆಲ್ ಕಾಂಟೆಸ್ಸಾ ಮಾರಿತ್ತಲ್ಲ ಅನ್ನೋ ವಾದ ಇದೆ. ಆದರೆ ನಿಮ್ಮ ಆರ್‌ಸಿಯಲ್ಲಿ ಇರೋದು ಪೆಟ್ರೋಲ್. ಇನ್ನು ‘ವಿಂಟೇಜ್’ ನೋಂದಣಿಯ ಆಸೆ ಇರೋರು ಕೇಳಿ: 2021ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ತುಂಬಿರಬೇಕು, ಎಂಜಿನ್ ಬದಲಾಗಿರಬಾರದು. 1984ರಲ್ಲಿ ಬಂದ ಕಾರಿಗೆ ಆ ಯೋಗ 2034ಕ್ಕೆ ಮುಂಚೆ ಇಲ್ಲ.

ಕಾನೂನಿನಲ್ಲಿ ಒಂದು ವಿಚಿತ್ರವೂ ಇದೆ. ಹಳೇ ಕಾರಿಗೆ ಕಡಿಮೆ ಹೊಗೆ ಬಿಡೋ ಬಿಎಸ್-6 ಎಂಜಿನ್ ಹಾಕಿದರೂ ತಪ್ಪೇ. ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿಗೆ ಬದಲಾಯಿಸೋ ಅನುಮೋದಿತ ಕಿಟ್‌ಗೆ ಮಾತ್ರ ಅದೇ 52ನೇ ಕಲಂ ಬಾಗಿಲು ತೆರೆದಿಟ್ಟಿದೆ. ಹೊಗೆ ಕಡಿಮೆ ಮಾಡೋದೇ ಉದ್ದೇಶ ಆಗಿದ್ದರೆ ಹೊಸ ಎಂಜಿನ್‌ಗೂ ಒಂದು ದಾರಿ ಇರಬೇಕಿತ್ತು. ಸದ್ಯಕ್ಕಂತೂ ಇಲ್ಲ. ಕಿಟ್ ಹಾಕಿಸೋದಾದರೂ ಅನುಮೋದನೆ ಪತ್ರದಲ್ಲಿ ನಿಮ್ಮ ಕಾರಿನ ಮಾದರಿ ಸೇರಿದೆಯಾ ಅಂತ ಅಡ್ವಾನ್ಸ್ ಕೊಡೋ ಮೊದಲೇ ನೋಡಿಕೊಳ್ಳಿ.